ಏಳು ಕೆಂಪು ವೃತ್ತಗಳು: ಇಂಗ್ಲಿಷ್ ನಾಮಪದದ ಬೆನ್ನಿಗೆ ಯಾವ ಪ್ರಿಪೊಸಿಷನ್?

ಪ್ರಶ್ನೆ: ಸರ್, ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಹಾಸನದ ಒಂದು ಕಾಫಿ ರಫ್ತು ಸಂಸ್ಥೆಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಜರ್ಮನಿ, ಇಟಲಿಯ ಖರೀದಿದಾರರಿಗೆ ದಿನವೂ ಇಮೇಲ್ ಬರೆಯಬೇಕು. ಕಾಲ, ವಚನಗಳಲ್ಲಿ ಅಷ್ಟಾಗಿ ಎಡವುವುದಿಲ್ಲ. ಆದರೆ ಒಂದು ನಾಮಪದ ಬರೆದ ಕೂಡಲೇ ಮುಂದೆ 'ಆಫ್' ಹಾಕಲೋ, 'ಫಾರ್' ಹಾಕಲೋ, 'ಇನ್' ಹಾಕಲೋ ತಿಳಿಯದೆ ನಿಂತುಬಿಡುತ್ತೇನೆ. ಕಳೆದ ವಾರ ಮ್ಯಾನೇಜರ್ ನನ್ನ ಒಂದೇ ಇಮೇಲ್‌ನ ಪ್ರಿಂಟ್ ತೆಗೆಸಿ ಏಳು ಕಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೊಟ್ಟರು. ಏಕೆ ತಪ್ಪು ಎಂದು ಕೇಳಿದರೆ "ಅದು ಹಾಗೇ" ಎಂದರು. ಒಬ್ಬ ಸಹೋದ್ಯೋಗಿ ಐನೂರು ಜೋಡಿಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡು ಎಂದಿದ್ದಾರೆ. ಇನ್ನೊಬ್ಬರು, ಅನುಮಾನ ಬಂದಲ್ಲೆಲ್ಲ 'ಆಫ್' ಹಾಕಿದರೆ ಅಪಾಯವಿಲ್ಲ ಎನ್ನುತ್ತಾರೆ. ಇದಕ್ಕೆ ನಿಯಮವೇ ಇಲ್ಲವೇ? ಕನ್ನಡದಲ್ಲಿ ಯೋಚಿಸಿ ಬರೆಯುವುದರಿಂದಲೇ ಹೀಗಾಗುತ್ತಿದೆಯೇ? (ಹೆಸರು ಬೇಡ)

ಉತ್ತರ: ಆ ಇಮೇಲ್‌ನ ಪ್ರತಿಯನ್ನೂ ಜೊತೆಗೆ ಕಳಿಸಿದ್ದು ಒಳ್ಳೆಯದಾಯಿತು. ಏಳು ವೃತ್ತಗಳನ್ನೂ ನೋಡಿದೆ. 'ರೀಸನ್ ಆಫ್ ಡಿಲೇ', 'ಇನ್‌ಕ್ರೀಸ್ ಆಫ್ ಪ್ರೈಸ್', 'ಟ್ರಸ್ಟ್ ಆನ್ ಯುವರ್ ಕಂಪನಿ', 'ವಿ ರಿಕ್ವೆಸ್ಟ್ ಫಾರ್' ಈ ನಾಲ್ಕು ಓದುವವರ ಕಿವಿಗೆ ಕಿರಿಕಿರಿ ಮಾಡುತ್ತವೆ, ಅಷ್ಟೇ. ವಿಷಯ ಮುಟ್ಟುತ್ತದೆ. 'ಡಿಮಾಂಡ್ ಆಫ್ ರೊಬಸ್ಟಾ' (ರೊಬಸ್ಟಾ ಒಂದು ಬಗೆಯ ಕಾಫಿ) ಅರ್ಥವನ್ನು ಸ್ವಲ್ಪ ಬೇರೆ ಕಡೆಗೆ ತಿರುಗಿಸುತ್ತದೆ. 'ರಿಡಕ್ಷನ್ ಟು 20 ಸೆಂಟ್ಸ್' ಮಾತ್ರ ನಿಮ್ಮ ಸಂಸ್ಥೆಗೆ ನಷ್ಟ ತರಬಲ್ಲದು. ಏಳನೆಯದು ತಪ್ಪೇ ಅಲ್ಲ, ಅದನ್ನು ಕೊನೆಗೆ ಹೇಳುತ್ತೇನೆ. ನಿಮ್ಮ ಮ್ಯಾನೇಜರ್ ಎಲ್ಲಕ್ಕೂ ಒಂದೇ ಶಾಯಿ ಬಳಸಿದ್ದಾರೆ ಎಂಬುದೇ ನನ್ನ ತಕರಾರು. ಇಪ್ಪತ್ತು ವರ್ಷಗಳಿಂದ ಕಚೇರಿಗಳ ಇಂಗ್ಲಿಷ್ ತಿದ್ದುತ್ತಾ ಬಂದಿರುವ ನಾನು ಮೊದಲು ಹಣದ ತಪ್ಪನ್ನು ಹುಡುಕುತ್ತೇನೆ, ಆಮೇಲೆ ಅರ್ಥದ ತಪ್ಪನ್ನು. ಕಿವಿಯ ತಪ್ಪು ಕೊನೆಗೆ.

ನೀವು ಹೇಳಲು ಹೊರಟಿದ್ದು ಕಿಲೋಗೆ 20 ಸೆಂಟ್‌ನಷ್ಟು ಬೆಲೆ ಇಳಿಸಿದ್ದೇವೆ ಎಂದು. ಬರೆದದ್ದು, ಬೆಲೆಯನ್ನು 20 ಸೆಂಟ್‌ಗೆ ಇಳಿಸಿದ್ದೇವೆ ಎಂದು. ಡಾಲರ್‌ಗಳಲ್ಲಿ ಮಾರುವ ಸರಕನ್ನು ಪುಡಿಗಾಸಿಗೆ ಕೊಟ್ಟಂತಾಯಿತು. ಇಲ್ಲಿ ಸಂಖ್ಯೆ ಅಸಂಬದ್ಧವಾಗಿರುವುದರಿಂದ ಖರೀದಿದಾರ ನಕ್ಕು ಮರಳಿ ಕೇಳುತ್ತಾನೆ. ಆದರೆ ಚೀಲಕ್ಕೆ 120 ರೂಪಾಯಿ ಇದ್ದ ಸಾಗಣೆ ದರದ ಮಾತು ಎಂದುಕೊಳ್ಳಿ. 'ರಿಡಕ್ಷನ್ ಆಫ್ 40' ಎಂದರೆ ಉಳಿಯುವುದು 80, 'ರಿಡಕ್ಷನ್ ಟು 40' ಎಂದರೆ 40. ಎರಡೂ ನಂಬುವಂಥ ಸಂಖ್ಯೆಗಳೇ ಆದ್ದರಿಂದ ಯಾರೂ ಮರಳಿ ಕೇಳುವುದಿಲ್ಲ, ಬಿಲ್ ಬಂದಾಗಲೇ ಜಗಳ. ಕನ್ನಡದಲ್ಲಿ 'ಅಷ್ಟು' ಮತ್ತು 'ಕ್ಕೆ' ಮಾಡುವ ಕೆಲಸವನ್ನು ಇಲ್ಲಿ 'ಆಫ್' ಮತ್ತು 'ಟು' ಮಾಡುತ್ತವೆ. ನಲವತ್ತರಷ್ಟು ಇಳಿಕೆ, ನಲವತ್ತಕ್ಕೆ ಇಳಿಕೆ. ಈ ವ್ಯತ್ಯಾಸ ನಿಮಗೆ ಚೆನ್ನಾಗಿ ಗೊತ್ತು, ಕನ್ನಡದಲ್ಲಿ ಒಮ್ಮೆಯೂ ತಪ್ಪಿರಲಾರಿರಿ.

ಇದೇ ಗುಂಪಿಗೆ ಸೇರಿದ್ದು ನಿಮ್ಮ 'ಇನ್‌ಕ್ರೀಸ್ ಆಫ್ ಪ್ರೈಸ್'. ಏರಿಕೆ, ಇಳಿಕೆ, ಬದಲಾವಣೆ, ವಿಳಂಬ, ವ್ಯತ್ಯಾಸ ಇಂಥ ಪದಗಳಿಗೆಲ್ಲ ಇಂಗ್ಲಿಷಿನಲ್ಲಿ ಒಂದೇ ಜಾಡು: ಯಾವುದರಲ್ಲಿ ಎಂಬುದಕ್ಕೆ 'ಇನ್', ಎಷ್ಟು ಎಂಬುದಕ್ಕೆ 'ಆಫ್'. ಬೆಲೆಯಲ್ಲಿ ಏರಿಕೆ, ಆದ್ದರಿಂದ 'ಇನ್‌ಕ್ರೀಸ್ ಇನ್ ಪ್ರೈಸ್'. ಮೂರು ದಿನಗಳ ವಿಳಂಬ, ಆದ್ದರಿಂದ 'ಡಿಲೇ ಆಫ್ ತ್ರೀ ಡೇಸ್', ಆದರೆ ಸಾಗಣೆಯಲ್ಲಿ ವಿಳಂಬ 'ಡಿಲೇ ಇನ್ ಶಿಪ್‌ಮೆಂಟ್'. ಕನ್ನಡದ 'ಅಲ್ಲಿ' ಪ್ರತ್ಯಯ ಇಲ್ಲಿ ನಿಮ್ಮನ್ನು ನೇರವಾಗಿ 'ಇನ್'ಗೆ ಕರೆದೊಯ್ಯುತ್ತದೆ. ನೀವು ಕನ್ನಡದಲ್ಲಿ ಯೋಚಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಆಗಿದ್ದು, ಆ ಸಹೋದ್ಯೋಗಿಯ 'ಆಫ್' ಸಲಹೆಯಿಂದ.

ಹಾಗಾಗಿ ಕನ್ನಡ ಮಾಧ್ಯಮದ ಬಗ್ಗೆ ನಿಮಗಿರುವ ಅಳುಕನ್ನು ಮೊದಲು ತೆಗೆದುಹಾಕೋಣ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಹೇಳಿದವರೇ ನಾವೆಲ್ಲ. ಆದರೆ ಯಾವ ನಾಮಪದದ ಜೊತೆ ಯಾವ ಪ್ರತ್ಯಯ ಎಂದು ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಪ್ರಶ್ನೆ'ಗೆ' ಉತ್ತರ, ಗಣಿತ'ದಲ್ಲಿ' ಆಸಕ್ತಿ, ಹಾವಿ'ನ' ಭಯ, ಅವನ 'ಮೇಲೆ' ಕೋಪ. ಕೋಪಕ್ಕೆ ಏಕೆ 'ಮೇಲೆ'? ಕಾರಣ ಕೇಳಿದರೆ ನೀವೂ ನಿಮ್ಮ ಮ್ಯಾನೇಜರ್ ಹೇಳಿದಂತೆಯೇ "ಅದು ಹಾಗೇ" ಎನ್ನುತ್ತೀರಿ. ದೆಹಲಿಯಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ಶ್ರದ್ಧೆಯಿಂದ ಕನ್ನಡ ಕಲಿತರು. ಒಮ್ಮೆ ಮನೆ ಮಾಲೀಕರ ವಿಷಯ ಹೇಳುತ್ತಾ "ನನಗೆ ಅವರಿಗೆ ಕೋಪ" ಎಂದರು. ಯಾರಿಗೆ ಯಾರ ಮೇಲೆ ಕೋಪ ಎಂದು ಬಿಡಿಸಿಕೊಳ್ಳಲು ನಮಗೆ ಐದು ನಿಮಿಷ ಬೇಕಾಯಿತು. ವ್ಯಾಕರಣ ಅವರಿಗೆ ಬರುತ್ತಿತ್ತು. ಕೋಪ ಎಂಬ ಪದ ತನ್ನ ಬಾಲದಲ್ಲಿ 'ಮೇಲೆ'ಯನ್ನು ಕಟ್ಟಿಕೊಂಡೇ ಓಡಾಡುತ್ತದೆ ಎಂಬುದು ಗೊತ್ತಿರಲಿಲ್ಲ. ನಿಮಗೆ 'ರೀಸನ್' ವಿಷಯದಲ್ಲಿ ಆಗಿರುವುದೂ ಇಷ್ಟೇ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ನಮ್ಮಂತೆ ವಿಭಕ್ತಿ ಪ್ರತ್ಯಯಗಳಿದ್ದವು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಪದದ ತುದಿ ಬದಲಾಗುತ್ತಿತ್ತು. ಮುಂದಿನ ಶತಮಾನಗಳಲ್ಲಿ ಆ ತುದಿಗಳು ಸವೆದುಹೋದಂತೆ ಅವುಗಳ ಕೆಲಸದ ಬಹುಪಾಲು ಪದದ ಮುಂದೆ ನಿಲ್ಲುವ ಪುಟ್ಟ ಪದಗಳ ಹೆಗಲಿಗೆ ಬಿತ್ತು. ಹತ್ತಿಪ್ಪತ್ತು ಪುಟ್ಟ ಪದಗಳಿಗೆ ನೂರಾರು ಸಂಬಂಧಗಳ ಹೊರೆ. ಹಾಗಾಗಿ ಅಲ್ಲಿ ಪೂರ್ತಿ ತರ್ಕ ಹುಡುಕಬೇಡಿ, ಆದರೆ ತರ್ಕವೇ ಇಲ್ಲ ಎನ್ನುವುದೂ ಸುಳ್ಳು.

ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಬೀಳಿಸುವ ಪದ 'ಮೇಲೆ'. ಬೆಳೆಯ ಮೇಲೆ ಪರಿಣಾಮ, ಊರಿನ ಮೇಲೆ ದಾಳಿ, ಸರಕಿನ ಮೇಲೆ ತೆರಿಗೆ, ನೌಕರರ ಮೇಲೆ ಒತ್ತಡ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ 'ಆನ್' ಸರಿಯಾಗಿ ಕೂರುತ್ತದೆ. ಈ ಭರವಸೆಯಲ್ಲಿ ನಾವು ಮುಂದೆ ನಡೆದು ಅವನ ಮೇಲೆ ನಂಬಿಕೆ, ಅವಳ ಮೇಲೆ ಪ್ರೀತಿ, ಗುರುಗಳ ಮೇಲೆ ಗೌರವ, ಕೆಲಸದವನ ಮೇಲೆ ಅನುಮಾನ ಎಲ್ಲಕ್ಕೂ 'ಆನ್' ಹಾಕಿ ಹಳ್ಳಕ್ಕೆ ಬೀಳುತ್ತೇವೆ. ವಿಂಗಡಣೆ ಸುಲಭ. ಹೊರಗಿನಿಂದ ಬಂದು ಒಂದರ ಮೇಲೆ ಕೂರುವ ಭಾರ, ಏಟು, ಹೇರಿಕೆ ಆದರೆ 'ಆನ್'. ಮನಸ್ಸಿನಲ್ಲಿ ಹುಟ್ಟುವ ಭಾವ ಆದರೆ ಸಾಮಾನ್ಯವಾಗಿ 'ಆನ್' ಅಲ್ಲ. ನಂಬಿಕೆಗೆ 'ಇನ್', ಪ್ರೀತಿ ಗೌರವಗಳಿಗೆ 'ಫಾರ್', ಅನುಮಾನಕ್ಕೆ 'ಆಫ್', ಕೋಪಕ್ಕೆ 'ಆ್ಯಟ್'. ನಿಮ್ಮ 'ಟ್ರಸ್ಟ್ ಆನ್' ಇಲ್ಲೇ ಎಡವಿದ್ದು. ಅಪವಾದಗಳೂ ಇವೆ. ಹದಿಹರೆಯದವರು ಹೇಳುವ 'ಕ್ರಶ್' ಭಾವವೇ ಆದರೂ 'ಆನ್' ಕೇಳುತ್ತದೆ. ನೀವು ಖರೀದಿದಾರರಿಗೆ ಆ ಪದ ಬರೆಯುವ ಸಂದರ್ಭ ಬರಲಾರದು. ಒಬ್ಬರ ಮೇಲೆ ಕೇಸು, ದೂರು ಎಂಬಲ್ಲಿ ಭಾವವೂ ಇಲ್ಲ, 'ಆನ್' ಕೂಡ ಇಲ್ಲ, 'ಅಗೇನ್ಸ್ಟ್' ಬರುತ್ತದೆ.

ಎರಡನೆಯ ಜಾರುಬಂಡೆ 'ಗೆ'. ಪ್ರಶ್ನೆಗೆ ಉತ್ತರ, ಸಮಸ್ಯೆಗೆ ಪರಿಹಾರ, ಬೆಳೆಗೆ ಹಾನಿ, ನಿಯಮಕ್ಕೆ ಅಪವಾದ ಇಲ್ಲೆಲ್ಲ ಒಂದು ವಸ್ತು ಇನ್ನೊಂದನ್ನು ಹೋಗಿ ಮುಟ್ಟುತ್ತದೆ. ಇವಕ್ಕೆ 'ಟು'. ಕಾಫಿಗೆ ಬೇಡಿಕೆ, ರಜೆಗೆ ಅರ್ಜಿ, ಪರೀಕ್ಷೆಗೆ ತಯಾರಿ ಇಲ್ಲೆಲ್ಲ ಇನ್ನೂ ಕೈಗೆ ಸಿಗದ ಒಂದರ ಕಡೆ ಮುಖ ಮಾಡಿದ್ದೇವೆ. ಇವಕ್ಕೆ 'ಫಾರ್'. ಜ್ವರಕ್ಕೆ ಔಷಧವೂ 'ಫಾರ್'. ಇದು ನೂರಕ್ಕೆ ನೂರು ಅಲ್ಲ. ಪ್ಲಾಸ್ಟಿಕ್‌ಗೆ ನಿಷೇಧ ಎನ್ನುವಾಗ ನಾವು 'ಗೆ' ಎಂದರೂ ಇಂಗ್ಲಿಷ್ ಅದನ್ನು ಹೇರಿಕೆಯೆಂದೇ ಎಣಿಸಿ 'ಆನ್' ಹಾಕುತ್ತದೆ. ಆದರೂ ಏನೂ ತೋಚದಾಗ ಈ ಎರಡು ಪ್ರಶ್ನೆ, ಮುಟ್ಟಿದೆಯೇ ಅಥವಾ ಅರಸುತ್ತಿದೆಯೇ ಎಂಬುದು, ಕುರುಡು ಊಹೆಗಿಂತ ಬಹಳ ಮೇಲು.

'ಕಾರಣ' ಎಂಬ ಪದ ಮಾತ್ರ ಪ್ರತ್ಯೇಕ ಮಾತು ಬೇಡುತ್ತದೆ. ನಮ್ಮಲ್ಲಿ ಬೆಂಕಿ ಹತ್ತಲೂ ಕಾರಣ, ರಜೆ ಹಾಕಲೂ ಕಾರಣ. ಇಂಗ್ಲಿಷಿನಲ್ಲಿ ಒಂದು ಘಟನೆಯನ್ನು ಉಂಟುಮಾಡಿದ್ದು 'ಕಾಸ್', ಅದಕ್ಕೆ 'ಆಫ್'. ಒಬ್ಬರು ಕೊಡುವ ವಿವರಣೆ 'ರೀಸನ್', ಅದಕ್ಕೆ 'ಫಾರ್'. ವೈರ್ ಸುಟ್ಟದ್ದು ಬೆಂಕಿಗೆ 'ಕಾಸ್', ಮದುವೆ ನಿಮ್ಮ ರಜೆಗೆ 'ರೀಸನ್'. ಸರಕು ತಡವಾದದ್ದಕ್ಕೆ ನೀವು ಖರೀದಿದಾರನಿಗೆ ವಿವರಣೆ ಕೊಡುತ್ತಿದ್ದಿರಿ, ಆದ್ದರಿಂದ 'ರೀಸನ್ ಫಾರ್ ದ ಡಿಲೇ'. ಚಿಂತೆಗೆ ಕಾರಣ ಎನ್ನುವಾಗ ಮಾತ್ರ 'ಕಾಸ್ ಫಾರ್ ಕನ್ಸರ್ನ್' ಎಂದು ಕೇಳಿರುತ್ತೀರಿ. ಅಲ್ಲಿ ಅದು ಚಿಂತಿಸಲು ಇರುವ ಆಧಾರ, ಚಿಂತೆಯನ್ನು ಹುಟ್ಟಿಸಿದ ಯಂತ್ರವಲ್ಲ.

ಇನ್ನು ಆ 'ಆಫ್' ಸಲಹೆ. ಇದು ನಾನು ಕೇಳಿರುವ ಅತಿ ಜನಪ್ರಿಯ ತಪ್ಪು ಸಲಹೆ. ಹುಟ್ಟಿದ್ದಕ್ಕೆ ಒಂದು ಕಾರಣವಿದೆ: 'ಆಫ್' ನಮ್ಮ ಷಷ್ಠಿಯ 'ಅ' ಇದ್ದ ಹಾಗೆ, ಎಲ್ಲಿ ಹಾಕಿದರೂ ವಾಕ್ಯ ಮುರಿದು ಬೀಳುವುದಿಲ್ಲ. ಆದರೆ ಆ ಸಡಿಲತನವೇ ಅದರ ದೋಷ. 'ಅಮ್ಮನ ನೆನಪು' ಎಂದರೆ ಅಮ್ಮನಿಗಿರುವ ನೆನಪೋ, ನಮಗಿರುವ ಅಮ್ಮನ ನೆನಪೋ? ನೀವು ಬರೆದ 'ಡಿಮಾಂಡ್ ಆಫ್' ಕೂಡ ಹೀಗೆಯೇ. 'ಆಫ್' ಆದಮೇಲೆ ಸಾಮಾನ್ಯವಾಗಿ ಬರುವುದು ಬೇಡುವವರು: ಬೆಳೆಗಾರರ ಬೇಡಿಕೆಗಳು, ಕಾರ್ಮಿಕರ ಬೇಡಿಕೆಗಳು. ಬೇಕಾದ ವಸ್ತು ಬರುವುದು 'ಫಾರ್' ಆದಮೇಲೆ. 'ಡಿಮಾಂಡ್ ಆಫ್ ರೊಬಸ್ಟಾ' ಎಂದು ಓದಿದವರ ಕಣ್ಣ ಮುಂದೆ, ಕಾಫಿ ಗಿಡಗಳೇ ಬಾವುಟ ಹಿಡಿದು ಧರಣಿ ಕೂತ ಚಿತ್ರ ಒಂದು ಕ್ಷಣ ಸುಳಿದು ಹೋಗುತ್ತದೆ.

ಪ್ರಿಪೊಸಿಷನ್ ಬದಲಾದರೆ ನಾಮಪದದ ಅರ್ಥವೇ ಬದಲಾಗುವುದಕ್ಕೆ ದೊಡ್ಡ ಸಾಕ್ಷಿಗಳಿವೆ. 1941ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕು ಸ್ವಾತಂತ್ರ್ಯಗಳ ಬಗ್ಗೆ ಭಾಷಣ ಮಾಡಿದರು. ಮಾತಿನ ಸ್ವಾತಂತ್ರ್ಯಕ್ಕೆ 'ಆಫ್', ಕೊರತೆ ಮತ್ತು ಭಯದಿಂದ ಬಿಡುಗಡೆಗೆ 'ಫ್ರಮ್'. 'ಫ್ರೀಡಂ' ಪದ ಒಂದೇ, ಆದರೆ ಒಂದು ನಮಗೆ ಸಿಗಬೇಕಾದದ್ದು, ಇನ್ನೊಂದು ನಮ್ಮಿಂದ ತೊಲಗಬೇಕಾದದ್ದು. ನಮ್ಮ ಸಂವಿಧಾನದ ಮೂರನೇ ಭಾಗದ ಇಂಗ್ಲಿಷ್ ಶೀರ್ಷಿಕೆಗಳಲ್ಲೂ ಸಮಾನತೆಯ ಹಕ್ಕಿಗೆ 'ರೈಟ್ ಟು', ಶೋಷಣೆಯ ವಿಷಯಕ್ಕೆ 'ರೈಟ್ ಅಗೇನ್ಸ್ಟ್'. ಎರಡನೆಯದಕ್ಕೆ 'ಟು' ಹಾಕಿದ್ದರೆ ಶೋಷಿಸುವ ಹಕ್ಕು ಆಗುತ್ತಿತ್ತು.

ನಿಮ್ಮ ಕೆಲಸದ ಮೇಜಿನ ಮೇಲೇ ಇರುವ ಉದಾಹರಣೆ 'ಪೇಮೆಂಟ್'. ಅದರ ಮುಂದೆ 'ಆಫ್' ಬಂದರೆ ಮೊತ್ತ, 'ಫಾರ್' ಬಂದರೆ ಸರಕು, 'ಟು' ಬಂದರೆ ಹಣ ಪಡೆಯುವವರು. 'ಬೈ' ಬಂದರೆ ಕೊಟ್ಟವರೂ ಆಗಬಹುದು, ಚೆಕ್ಕು ಡ್ರಾಫ್ಟುಗಳಂಥ ಮಾರ್ಗವೂ ಆಗಬಹುದು, ಗಡುವೂ ಆಗಬಹುದು. ಹಾಗಾಗಿ 'ಬೈ' ಇರುವ ವಾಕ್ಯವನ್ನು ಕಳಿಸುವ ಮುನ್ನ ಎರಡು ಬಾರಿ ಓದಿ. ನಿಮ್ಮ ಬ್ಯಾಂಕ್ ಕಾಗದಗಳಲ್ಲಿ ಕಾಣುವ 'ಡಾಕ್ಯುಮೆಂಟ್ಸ್ ಅಗೇನ್ಸ್ಟ್ ಪೇಮೆಂಟ್' ಎಂಬಲ್ಲಿನ 'ಅಗೇನ್ಸ್ಟ್' ವಿರೋಧವಲ್ಲ, ವಿನಿಮಯ: ಹಣ ಕಟ್ಟಿದ ಮೇಲೆಯೇ ಬ್ಯಾಂಕ್ ಸರಕಿನ ದಾಖಲೆಗಳನ್ನು ಬಿಟ್ಟುಕೊಡುತ್ತದೆ. ಅದೇ ಜಾಗದಲ್ಲಿ 'ಅಗೇನ್ಸ್ಟ್ ಆಕ್ಸೆಪ್ಟೆನ್ಸ್' ಎಂದಿದ್ದರೆ ಖರೀದಿದಾರ ಹುಂಡಿಯನ್ನು, ಎಂದರೆ ಗೊತ್ತಾದ ದಿನ ಹಣ ಕೊಡಬೇಕೆಂಬ ಪತ್ರವನ್ನು, ಒಪ್ಪಿಕೊಂಡರೆ ಸಾಕು, ಹಣ ಆಮೇಲೆ. ಇಂಥ ಕಟ್ಟುಪದಗಳನ್ನು ಬಿಡಿಸಲು ಹೋಗದೆ ಇಡಿಯಾಗಿ ಎತ್ತಿಕೊಳ್ಳಿ.

'ವಿ ರಿಕ್ವೆಸ್ಟ್ ಫಾರ್' ವೃತ್ತದ ಮೂಲ ಬೇರೆ. ಅಲ್ಲಿ 'ರಿಕ್ವೆಸ್ಟ್' ನಾಮಪದವೇ ಅಲ್ಲ, ಕ್ರಿಯಾಪದ. ಇಂಗ್ಲಿಷಿನಲ್ಲಿ ಅನೇಕ ಪದಗಳಿಗೆ ಎರಡು ಜನ್ಮ. ಕ್ರಿಯಾಪದವಾಗಿದ್ದಾಗ ಕರ್ಮವನ್ನು ನೇರವಾಗಿ ಹಿಡಿದುಕೊಳ್ಳುತ್ತವೆ, ನಾಮಪದವಾದಾಗ ಆ ಶಕ್ತಿ ಹೋಗಿ ನಡುವೆ ಒಂದು ಕೊಂಡಿ ಬೇಕಾಗುತ್ತದೆ. 'ವಿ ರಿಕ್ವೆಸ್ಟ್ ಯುವರ್ ರಿಪ್ಲೈ', ಆದರೆ 'ಅವರ್ ರಿಕ್ವೆಸ್ಟ್ ಫಾರ್ ಎ ರಿಪ್ಲೈ'. ನಾವು ನಾಮಪದದ ಕೊಂಡಿಯನ್ನು ಬಿಚ್ಚದೆ ಕ್ರಿಯಾಪದಕ್ಕೂ ತಗಲಿಸಿಬಿಡುತ್ತೇವೆ. 'ಡಿಸ್ಕಸ್ ಅಬೌಟ್', 'ಎಂಫಸೈಜ್ ಆನ್', 'ಲ್ಯಾಕ್ ಆಫ್' ಎಂಬುದನ್ನು ಕ್ರಿಯಾಪದವಾಗಿ ಬಳಸುವುದು, ಎಲ್ಲವೂ ಒಂದೇ ತಾಯಿಯ ಮಕ್ಕಳು. ಭಾರತದ ಅರ್ಧ ಕಚೇರಿಗಳು ಹೀಗೆ ಬರೆಯುತ್ತವೆ, ಇದಕ್ಕೂ ಕನ್ನಡಕ್ಕೂ ವಿಶೇಷ ನಂಟಿಲ್ಲ. ಕ್ರಿಯಾಪದಕ್ಕೇ ಕೊಂಡಿ ಇದ್ದರೆ, ಉದಾಹರಣೆಗೆ 'ಡಿಪೆಂಡ್ ಆನ್', 'ಅಪ್ಲೈ ಫಾರ್', 'ಆಬ್ಜೆಕ್ಟ್ ಟು', ನಾಮಪದವಾದಾಗಲೂ ಅದೇ ಉಳಿಯುವುದು ರೂಢಿ. ಗುಣವಾಚಕದಿಂದ ಬಂದವನ್ನು ಮಾತ್ರ ನಂಬಬೇಡಿ. 'ಪ್ರೌಡ್ ಆಫ್' ಎನ್ನುವವರೇ 'ಪ್ರೈಡ್ ಇನ್' ಎನ್ನುತ್ತಾರೆ, 'ಫಾಂಡ್ ಆಫ್' ಹೋಗಿ 'ಫಾಂಡ್‌ನೆಸ್ ಫಾರ್' ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಐನೂರರ ಪಟ್ಟಿಯನ್ನು ಮಡಚಿ ಡ್ರಾಯರ್‌ನಲ್ಲಿಡಿ. ಪಟ್ಟಿ ಬಾಯಿಗೆ ಬಂದರೂ ಬೆರಳಿಗೆ ಬರುವುದಿಲ್ಲ, ಇದನ್ನು ಬಹಳ ಜನರಲ್ಲಿ ನೋಡಿದ್ದೇನೆ. ಬದಲಿಗೆ ಕಳೆದ ಮೂರು ತಿಂಗಳು ಕಳಿಸಿದ ಇಮೇಲ್‌ಗಳನ್ನು ತೆರೆದು, ಮತ್ತೆ ಮತ್ತೆ ಬರುವ ನಾಮಪದಗಳನ್ನು ಗುರುತು ಮಾಡಿ. ಕಾಫಿ ರಫ್ತಿನ ಪತ್ರಗಳಲ್ಲಿ ಮೂವತ್ತು ನಲವತ್ತಕ್ಕಿಂತ ಹೆಚ್ಚು ಸಿಗಲಿಕ್ಕಿಲ್ಲ. ಒಂದೊಂದನ್ನೂ ಬಾಲ ಸಮೇತ, ನಿಮ್ಮದೇ ವ್ಯವಹಾರದ ಒಂದು ವಾಕ್ಯದಲ್ಲಿ ಬರೆದಿಡಿ: ಸ್ಯಾಂಪಲ್, ಕ್ಲೇಮ್, ಶಾರ್ಟೇಜ್, ಡಿಸ್ಕೌಂಟ್. ಶೇ 2ರ ರಿಯಾಯಿತಿ ಎನ್ನುವಾಗ 'ಆಫ್', ಇನ್‌ವಾಯ್ಸ್ ಮೇಲಿನ ರಿಯಾಯಿತಿ ಎನ್ನುವಾಗ 'ಆನ್', ಎರಡೂ ಒಂದೇ ಸಾಲಿನಲ್ಲಿ ಬರುವಂತೆ.

ಬಾಲ ತಿಳಿಯಲು ದೊಡ್ಡ ವಿದ್ವತ್ ನಿಘಂಟಿಗಿಂತ, ಹೊರಗಿನಿಂದ ಕಲಿಯುವವರಿಗೆಂದೇ ಮಾಡಿದ ನಿಘಂಟು ಮೇಲು. ಇಂಗ್ಲಿಷ್ ಮಾತೃಭಾಷೆಯವನಿಗೆ 'ರೀಸನ್'ನ ಅರ್ಥ ಸಾಕು, ನಮಗೆ ಅದರ ಬಾಲ ಬೇಕು. ಈ ಕೊರತೆಯನ್ನು ಕಂಡುಕೊಂಡವರಲ್ಲಿ ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಎ.ಎಸ್. ಹಾರ್ನ್‌ಬಿ ಪ್ರಮುಖರು. ಅವರ ತಂಡದ ನಿಘಂಟು 1942ರಲ್ಲಿ ಮೊದಲು ಅಚ್ಚಾದದ್ದು ಲಂಡನ್‌ನಲ್ಲಲ್ಲ, ಟೋಕಿಯೊದಲ್ಲಿ. ಅದರ ವಂಶದ ನಿಘಂಟುಗಳು ಈಗ ಮೊಬೈಲ್‌ನಲ್ಲೇ ಉಚಿತವಾಗಿ ಸಿಗುತ್ತವೆ. ನಾಮಪದ ಹುಡುಕಿದರೆ ಅದರ ಪ್ರಿಪೊಸಿಷನ್ ದಪ್ಪಕ್ಷರದಲ್ಲಿ ಕಾಣುತ್ತದೆ. ಹುಡುಕುತಾಣದಲ್ಲಿ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ನೋಡುವವರೂ ಇದ್ದಾರೆ. ಅದರಲ್ಲಿ ನಮ್ಮಂಥವರು ಬರೆದ ತಪ್ಪುಗಳೂ ಲೆಕ್ಕಕ್ಕೆ ಸೇರುತ್ತವೆ ಎಂಬುದು ನೆನಪಿರಲಿ. ತಿದ್ದುವ ಸಾಫ್ಟ್‌ವೇರ್ 'ರೀಸನ್ ಆಫ್' ಹಿಡಿದೀತು. 'ರಿಡಕ್ಷನ್ ಟು 40' ವ್ಯಾಕರಣದಲ್ಲಿ ಸರಿಯಾಗಿಯೇ ಇರುವುದರಿಂದ ಅದನ್ನು ಬಿಟ್ಟುಬಿಡುವ ಸಾಧ್ಯತೆಯೇ ಹೆಚ್ಚು. ನಿಮ್ಮ ಮನಸ್ಸಿನಲ್ಲಿದ್ದ ಸಂಖ್ಯೆ ಅದಕ್ಕೆ ಹೇಗೆ ಗೊತ್ತಾಗಬೇಕು?

ಅವಸರದಲ್ಲಿದ್ದಾಗ ನಾಮಪದವನ್ನೇ ಬಿಟ್ಟು ಕ್ರಿಯಾಪದ ಬಳಸಿ. ಬೆಲೆಯಲ್ಲಿ ಏರಿಕೆ ಆಗಿದೆ ಎನ್ನುವ ಬದಲು ಬೆಲೆ ಏರಿದೆ ಎಂದರೆ ಕೊಂಡಿಯ ಗೊಡವೆಯೇ ಇಲ್ಲ, ವಾಕ್ಯವೂ ಚುರುಕಾಗುತ್ತದೆ. ಎರಡು ನಾಮಪದಗಳನ್ನು ಒತ್ತಿಟ್ಟು 'ಪ್ರೈಸ್ ಇನ್‌ಕ್ರೀಸ್' ಎಂದರೂ ಆದೀತು. ಆದರೆ ಈ ರುಚಿ ಹತ್ತಿದವರು ಐದಾರು ನಾಮಪದಗಳನ್ನು ರೈಲಿನ ಬೋಗಿಯಂತೆ ಜೋಡಿಸಲು ಶುರುಮಾಡುತ್ತಾರೆ. ಮೂರನೆಯ ಬೋಗಿ ಬರುವಷ್ಟರಲ್ಲಿ ಓದುಗ ಇಳಿದುಹೋಗಿರುತ್ತಾನೆ.

ನಿಮ್ಮ ಪತ್ರ ಓದುವವರ ಬಗ್ಗೆಯೂ ಒಂದು ಮಾತು. ಜರ್ಮನ್ ಭಾಷೆಯಲ್ಲಿ ಉತ್ತರ ಪ್ರಶ್ನೆಯ 'ಮೇಲೆ' ಕೂರುತ್ತದೆ, ಭಯ ಹಾವಿನ 'ಮುಂದೆ' ನಿಲ್ಲುತ್ತದೆ. ಆ ಖರೀದಿದಾರರೂ ಇಂಗ್ಲಿಷ್ ಬರೆಯುವಾಗ ಇಲ್ಲೇ ಎಡವುತ್ತಾರೆ. ಅವರಿಂದ ಬಂದ ಹಳೆಯ ಇಮೇಲ್‌ಗಳನ್ನು ಒಮ್ಮೆ ಕೆಂಪು ಶಾಯಿಯ ಕಣ್ಣಿನಿಂದ ಓದಿ ನೋಡಿ.

ಕೊನೆಯದಾಗಿ ಏಳನೆಯ ವೃತ್ತ. ನಿಮ್ಮ ಸಂಸ್ಥೆ ರಫ್ತುದಾರರ ಸಂಘದ ಸದಸ್ಯ ಎಂದು ಹೇಳಲು 'ಮೆಂಬರ್‌ಶಿಪ್ ಇನ್' ಎಂದು ಬರೆದಿದ್ದೀರಿ, ಮ್ಯಾನೇಜರ್ ಅದನ್ನು ಹೊಡೆದು 'ಆಫ್' ಮಾಡಿದ್ದಾರೆ. ಅಮೆರಿಕದವರು 'ಇನ್' ಎಂದೇ ಬರೆಯುತ್ತಾರೆ, ಬ್ರಿಟನ್ನಿನವರು 'ಆಫ್'. ಎರಡೂ ಸರಿ. ಆದರೆ ನಿಮ್ಮ ಇಮೇಲ್‌ನಲ್ಲಿ 'ಕಲರ್' ಪದದ ಸ್ಪೆಲಿಂಗ್ ಬ್ರಿಟಿಷ್ ರೀತಿಯದು, ದಿನಾಂಕವೂ ಹಾಗೆಯೇ. ಆದ್ದರಿಂದ ಇದೊಂದನ್ನು ಮಾತ್ರ ಅಮೆರಿಕದ್ದಾಗಿ ಉಳಿಸಿಕೊಳ್ಳುವುದು ಬೇಡ, ಮ್ಯಾನೇಜರ್ ಬರೆದದ್ದನ್ನೇ ಇಟ್ಟುಕೊಳ್ಳಿ. ಲೆಕ್ಕದಲ್ಲಿ ಮಾತ್ರ ಆರು ತಪ್ಪು ಎಂದೇ ಬರೆದುಕೊಳ್ಳಿ.